ನಂಬಲರ್ಹವಲ್ಲ

ದೇವರ ಮೇಲೆ ದೂರು ಹೇಳುವವರನ್ನು ಕಂಡಿದ್ದೇನೆ. ಗ್ರಹಗಳ ಮೇಲೆ ಹೇಳುವವರಂತೂ ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರಿದ್ದಾರೆ. ಶನಿಯಿಂದ ಮಗಳ ಮದುವೆ ತಡವಾಯಿತು, ರಾಹುವಿನಿಂದ ಬಡ್ತಿ ತಪ್ಪಿತು ಎಂದು ಅವರು ಹೇಳಿಕೊಳ್ಳುವಾಗ ಮೀಸೆಯಡಿಯಲ್ಲಿ ನಗುತ್ತ ಐವತ್ತು ವರ್ಷ ಕಳೆದವನು ನಾನು. ಮೀಸೆ ಬೆಳ್ಳಗಾದ ಮೇಲೆ ಈಗ ನಾನೇ ಒಂದು ಗ್ರಹದ ವಿಷಯ ಹೇಳಬೇಕಾಗಿ ಬಂದಿದೆ. ಪಂಚಾಂಗದವರ ಲೆಕ್ಕದಲ್ಲಿ ಸೂರ್ಯನೂ ಒಂದು ಗ್ರಹವೇ ತಾನೆ? ಒಬ್ಬ ಬಡ ಮನುಷ್ಯನ ಒಂದು ವರ್ಷದ ಇನ್‌ಕ್ರಿಮೆಂಟನ್ನು ಸೂರ್ಯ ತಿಂದುಹಾಕಿದ. ಆದರೆ ತಿನ್ನಿಸಿದ ಕೈ ನನ್ನದು.

ನಾನು ಉದ್ಯೋಗದಲ್ಲಿದ್ದದ್ದು ವೈರ್‌ಲೆಸ್ ವಿಭಾಗದಲ್ಲಿ. ಯಾವ ಇಲಾಖೆಯದು ಎಂದು ಹೇಳಿ ಅದರ ಮಾನ ತೆಗೆಯುವುದು ನನ್ನ ಉದ್ದೇಶವಲ್ಲ; ಅದರ ಪಿಂಚಣಿಯನ್ನು ಈಗಲೂ ಉಣ್ಣುತ್ತಿದ್ದೇನೆ. ಬೆಂಗಳೂರಿನ ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿ ನಮ್ಮ ಕೋಣೆ. ಹೊರಗೆ ಎರಡು ಎತ್ತರದ ಕಂಬ, ನಡುವೆ ತಂತಿ. ಆ ತಂತಿಯ ಮೇಲೆ ಕುಳಿತ ಕಾಗೆಗಳಿಗೆ ಜಿಲ್ಲೆಗಳ ಸಮಾಚಾರವೆಲ್ಲ ಕಾಲಿನ ಮೂಲಕ ತಿಳಿಯುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಒಳಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಆಪರೇಟರುಗಳು, ಮೋರ್ಸ್ ಕೀಲಿಯ ಕಟಕಟ, ಆಗಾಗ ಕಾಫಿ. ಪ್ರತಿ ಜಿಲ್ಲೆಯ ಠಾಣೆಗೂ ಇಂತಿಷ್ಟು ಹೊತ್ತಿಗೆಂದು ಒಂದು ವೇಳೆ ಗೊತ್ತುಮಾಡಿತ್ತು. ಹನ್ನೆರಡಕ್ಕೆ ಕರಾವಳಿ, ಹನ್ನೆರಡೂವರೆಗೆ ಮಲೆನಾಡು, ಹೀಗೆ. ಕರೆದದ್ದು, ಉತ್ತರ ಬಂದದ್ದು, ಬಾರದಿದ್ದದ್ದು ಎಲ್ಲವನ್ನೂ ಲಾಗ್ ಪುಸ್ತಕದಲ್ಲಿ ನಿಮಿಷ ಸಹಿತ ಬರೆಯಬೇಕು. ಆ ಪುಸ್ತಕವೇ ನಮಗೆ ವೇದ. ಅದರಲ್ಲಿ ಇಲ್ಲದ್ದು ಲೋಕದಲ್ಲಿಯೂ ನಡೆದಿಲ್ಲ.

1972ನೆಯ ಇಸವಿ ಆಗಸ್ಟ್ 4, ಶುಕ್ರವಾರ. ಒಬ್ಬ ದೊಡ್ಡ ಅಧಿಕಾರಿಗಳು ಘಟ್ಟ ಇಳಿದು ಕರಾವಳಿಗೆ ಪ್ರವಾಸ ಹೊರಟಿದ್ದರು. ಅವರ ಕಾರಿಗೆ ಏನೋ ಆಗಿ, ಘಟ್ಟದ ಕೆಳಗಿನ ಒಂದು ಸ್ಥಳಕ್ಕೆ ಎರಡು ಗಂಟೆಗೆ ಜೀಪು ಕಳಿಸಬೇಕೆಂದು ಬೆಂಗಳೂರಿನಿಂದ ಸಂದೇಶ ಹೋಗಬೇಕಾಗಿತ್ತು. ಮಳೆಗಾಲ, ಘಟ್ಟದ ಟೆಲಿಫೋನು ತಂತಿಗಳ ಮೇಲೆ ಮರ ಬಿದ್ದು ಟ್ರಂಕ್ ಕಾಲು ಸಿಕ್ಕುವ ಹಾಗಿರಲಿಲ್ಲ. ವೈರ್‌ಲೆಸ್ಸೇ ಗತಿ. ನಮ್ಮವನು ಹನ್ನೆರಡಕ್ಕೆ ಸರಿಯಾಗಿ ಕರೆದ. ಉತ್ತರವಿಲ್ಲ. ಹತ್ತು ನಿಮಿಷ ಬಿಟ್ಟು ಕರೆದ. ಇಲ್ಲ. ಇಪ್ಪತ್ತಕ್ಕೆ ಕರೆದ. ಇಲ್ಲ. ಕೊನೆಗೆ ಕರಾವಳಿಯ ಠಾಣೆ ಮಾತಾಡಿದ್ದು ಎರಡು ಗಂಟೆಯ ಹತ್ತಿರಕ್ಕೆ, ಬಾವಿಯ ತಳದಿಂದ ಮಾತಾಡಿದ ಹಾಗೆ ಕ್ಷೀಣವಾಗಿ. ಜೀಪು ಹೋಗುವಷ್ಟರಲ್ಲಿ ಅಧಿಕಾರಿಗಳು ಒಂದು ಚಹದ ಗುಡಿಸಲಿನ ಸೂರಿನಡಿ ಎರಡು ತಾಸು ನಿಂತು ತೊಯ್ದಿದ್ದರು. ಹಳ್ಳಿಯವರು ವರ್ಷಕ್ಕೆ ನಾಲ್ಕು ತಿಂಗಳು ಹೀಗೆ ತೊಯ್ಯುತ್ತಾರೆ; ಅದರ ವಿಚಾರಣೆ ಆಗುವುದಿಲ್ಲ. ಇದರದು ಆಯಿತು.

ವಿಚಾರಣೆಯ ಮೊದಲ ಹೆಜ್ಜೆ ನನ್ನ ಮೇಜಿನ ಮೇಲೆಯೇ. ನನಗಾಗ ಮೂವತ್ತು ವರ್ಷ. ಮೇಲ್ವಿಚಾರಕನಾಗಿ ಎಂಟು ತಿಂಗಳಾಗಿತ್ತು. ಮೇಲ್ವಿಚಾರಕನೆಂಬ ಶಬ್ದದಲ್ಲಿ ವಿಚಾರ ಎಂಬುದೂ ಸೇರಿದೆಯೆಂದು ಇನ್ನೂ ತಿಳಿದಿರಲಿಲ್ಲ. ಕರಾವಳಿಯ ಆಪರೇಟರಿನಿಂದ ಸಮಜಾಯಿಷಿ ತರಿಸಿದೆ. ಅವನು ಆ ಕಡೆಯವನೇ, ನನಗಿಂತ ಐದಾರು ವರ್ಷಕ್ಕೆ ಚಿಕ್ಕವನು, ಹೊಸದಾಗಿ ಮದುವೆಯಾಗಿತ್ತು. ಅವನು ಬರೆದದ್ದರ ಸಾರಾಂಶ ಇಷ್ಟು: ಹನ್ನೆರಡಕ್ಕೆ ಐದು ಹತ್ತು ನಿಮಿಷ ಮೊದಲು ರಿಸೀವರು ಒಮ್ಮೆಗೇ ಮೂಕವಾಯಿತು. ಬೆಂಗಳೂರು ಮಾತ್ರವಲ್ಲ, ಸದಾ ಇರುವ ಕರಕರ ಸದ್ದೂ ಇಲ್ಲವಾಯಿತು. ಕಿವಿಗೆ ಹತ್ತಿ ಇಟ್ಟ ಹಾಗೆ ಆಯಿತು. ಸೆಟ್ಟು ಕೆಟ್ಟಿತೆಂದು ವಾಲ್ವುಗಳನ್ನು ಬದಲಿಸಿ ನೋಡಿದೆ. ಏರಿಯಲ್ಲು ಕಡಿದಿರಬಹುದೆಂದು ಮಳೆಯಲ್ಲೇ ಮಾಡು ಹತ್ತಿ ತಂತಿ ಬಿಚ್ಚಿ ಮತ್ತೆ ಕಟ್ಟಿದೆ. ಎರಡು ಗಂಟೆಯ ಹೊತ್ತಿಗೆ ತಾನೇ ಸರಿಯಾಯಿತು.

ತಾನೇ ಸರಿಯಾಯಿತು! ಇಲಾಖೆಯಲ್ಲಿ ಈ ಎರಡು ಶಬ್ದಗಳಿಗಿಂತ ಸಂಶಯಾಸ್ಪದವಾದದ್ದು ಬೇರೆ ಯಾವುದಿದೆ? ಕೆಟ್ಟದ್ದು ಯಾವುದೂ ತಾನೇ ಸರಿಯಾಗುವುದಿಲ್ಲ ಎಂಬ ಮೂಲಭೂತ ನಂಬಿಕೆಯ ಮೇಲೆಯೇ ನಮ್ಮ ರಿಪೇರಿ ವಿಭಾಗ ನಡೆಯುತ್ತಿತ್ತು. ಊಟದ ಹೊತ್ತು, ಮಳೆ, ಹೊಸ ಮದುವೆ; ಹುಡುಗ ಮನೆಗೆ ಹೋಗಿ ಉಂಡು ಮಲಗಿಬಿಟ್ಟಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಬೆಂಗಳೂರಿನ ಲಾಗ್ ಪುಸ್ತಕದ ಆ ಪುಟವನ್ನು ತರಿಸಿ ನೋಡಿದೆ. ‘ಕರೆದೆ, ಉತ್ತರವಿಲ್ಲ’ ಎಂದು ಸಾಲುಸಾಲಾಗಿ ಇತ್ತು. ಅಷ್ಟು ಸಾಕಾಯಿತು. ಸಮಜಾಯಿಷಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ‘ನಂಬಲರ್ಹವಲ್ಲ’ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬರೆದು ಮೇಲಕ್ಕೆ ಕಳಿಸಿದೆ. ಒಂದು ವರ್ಷದ ಇನ್‌ಕ್ರಿಮೆಂಟು ನಿಂತಿತು. ಅವನು ಬೆಂಗಳೂರಿಗೆ ಒಮ್ಮೆ ಬಂದಾಗ ಎದುರಿಗೆ ನಿಂತು, “ಸಾಹೇಬರೇ, ನಾನು ಸೆಟ್ಟು ಬಿಟ್ಟು ಏಳಲಿಲ್ಲ” ಎಂದ. “ಹಾಗಾದರೆ ಯಾರು ಎದ್ದು ಹೋದದ್ದು, ನಿಮ್ಮ ಸೆಟ್ಟೇ?” ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನ್ನ ಮಾತಿನ ಚುರುಕಿಗೆ ನಾನೇ ಮೆಚ್ಚಿಕೊಂಡದ್ದು ಚೆನ್ನಾಗಿ ನೆನಪಿದೆ.

ಈಗ ಅದೇ ದಿನದ ಇನ್ನೊಂದು ಪ್ರಸಂಗ. ಆ ಶುಕ್ರವಾರ ನನಗೆ ರಾತ್ರಿ ಪಾಳಿ. ಹಗಲು ಮನೆಯಲ್ಲಿ ಮಲಗಿದ್ದೆ. ನಮ್ಮ ಮಾವನವರು ಊರಿಂದ ಬಂದಿದ್ದರು. ಅವರಿಗೆ ರೇಡಿಯೋದ ಹುಚ್ಚು. ಅದರಲ್ಲೂ ಶಾರ್ಟ್‌ವೇವಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ, ಅರ್ಥವಾಗದ ಭಾಷೆಯ ನಿಲ್ದಾಣಗಳನ್ನು ಹಿಡಿದು, “ಇದು ರಷ್ಯಾದ್ದಿರಬೇಕು, ಇದು ಚೀನದ್ದು” ಎಂದು ತಾವೇ ಹೇಳಿಕೊಂಡು ಸಂತೋಷಪಡುವವರು. ಮಧ್ಯಾಹ್ನ ನನ್ನನ್ನು ತಟ್ಟಿ ಎಬ್ಬಿಸಿದರು. “ಅಳಿಯಂದಿರೇ, ನಿಮ್ಮ ರೇಡಿಯೋ ಪ್ರಾಣ ಬಿಟ್ಟಿತು. ನಾನು ಏನೂ ಮಾಡಲಿಲ್ಲ.” ಎದ್ದು ನೋಡಿದೆ. ದೀಪ ಉರಿಯುತ್ತಿದೆ, ಸಣ್ಣ ಗುಂಯ್ ಸದ್ದಿದೆ, ಆದರೆ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ನಿಲ್ದಾಣವೂ ಇಲ್ಲ, ಕರಕರವೂ ಇಲ್ಲ. “ವಾಲ್ವು ಹೋಗಿದೆ” ಎಂದು ವೈರ್‌ಲೆಸ್ ಮೇಲ್ವಿಚಾರಕನ ಗಾಂಭೀರ್ಯದಿಂದ ಹೇಳಿ ಮತ್ತೆ ಮಲಗಿದೆ. ಗುಂಡಿಯನ್ನು ಮೀಡಿಯಂ ವೇವಿಗೆ ತಿರುಗಿಸಿ ನೋಡಿದ್ದರೆ ಬೆಂಗಳೂರು ನಿಲ್ದಾಣ ಹಾಯಾಗಿ ಹಾಡುತ್ತಿದ್ದಿರಬೇಕು. ಅಷ್ಟು ಎಚ್ಚರವಿರಲಿಲ್ಲ. ಸಂಜೆ ಕೆಲಸಕ್ಕೆ ಹೋಗುವಾಗ ಪೆಟ್ಟಿಗೆಯನ್ನು ಆಟೋರಿಕ್ಷಾದಲ್ಲಿ ಇಟ್ಟುಕೊಂಡು ರಿಪೇರಿ ಅಂಗಡಿಗೆ ಕೊಟ್ಟೆ. ಮಾರನೆಯ ದಿನ ಆತ, “ವಾಲ್ವು ಬದಲಾಯಿಸಿದೆ ಸ್ವಾಮಿ, ಈಗ ಗಂಧರ್ವನ ಹಾಗೆ ಹಾಡುತ್ತದೆ” ಎಂದು ಹನ್ನೊಂದು ರೂಪಾಯಿ ತೆಗೆದುಕೊಂಡ. ಹಾಡಿದ್ದು ನಿಜ. ಅದು ಅವನ ಬೆಂಚಿನ ಮೇಲೆ ಇಟ್ಟ ಕ್ಷಣದಿಂದಲೇ ಹಾಡುತ್ತಿತ್ತು ಎಂದು ಈಗ ಗೊತ್ತು. ನಮ್ಮ ಮನೆಯಲ್ಲೂ ಕರಾವಳಿಯಲ್ಲೂ ಒಂದೇ ಹೊತ್ತಿಗೆ ಒಂದೇ ರೋಗ. ಒಂದಕ್ಕೆ ವಾಲ್ವು ಕಾರಣವೆಂದೆ, ಇನ್ನೊಂದಕ್ಕೆ ಸೋಮಾರಿತನವೆಂದೆ.

ಹೀಗೆಂದರೆ ಆಗ ಯಾರಿಗೂ ಇದು ತಿಳಿದಿರಲಿಲ್ಲವೇನೋ ಎಂದು ವಾಚಕರು ನನ್ನ ಪರವಾಗಿ ಯೋಚಿಸಬಹುದು. ಬೇಡ, ಆ ದಯೆ ನನಗೆ ಸಲ್ಲದು. ಶಾರ್ಟ್‌ವೇವ್ ಒಮ್ಮೆಗೇ ಮಾಯವಾಗುವ ಈ ವಿದ್ಯಮಾನವನ್ನು ಜರ್ಮನಿಯ ಮೋಗೆಲ್ ಎಂಬಾತ 1930ರಲ್ಲಿಯೂ, ಅಮೆರಿಕದ ಡೆಲಿಂಜರ್ 1935ರಲ್ಲಿಯೂ ಗುರುತಿಸಿ ಬರೆದಿದ್ದರು. ಇಲಾಖೆಯ ಪರೀಕ್ಷೆಯಲ್ಲಿ ‘ಡೆಲಿಂಜರ್ ಪರಿಣಾಮವನ್ನು ವಿವರಿಸಿ’ ಎಂದು ಐದು ಅಂಕದ ಪ್ರಶ್ನೆ ಬಂದಿತ್ತು. ನಾನು ಅದಕ್ಕೆ ಉತ್ತರ ಬರೆದು ಪಾಸಾಗಿದ್ದೆ. ಮೇಲ್ವಿಚಾರಕನಾದದ್ದೇ ಆ ಪರೀಕ್ಷೆಯಿಂದ.

ಉತ್ತರಪತ್ರಿಕೆಯಲ್ಲಿ ಬರೆದದ್ದನ್ನು ಈಗ ಮನುಷ್ಯರ ಮಾತಿನಲ್ಲಿ ಹೇಳುತ್ತೇನೆ. ಭೂಮಿಯ ಮೇಲೆ ನೂರಾರು ಮೈಲಿ ದೂರದ ಊರಿಗೆ ಶಾರ್ಟ್‌ವೇವ್ ಹೋಗುವುದು ನೇರವಾಗಿ ಅಲ್ಲ. ನೆಲ ಉರುಟು, ನಡುವೆ ಬೆಟ್ಟ. ಅದು ಮೇಲಕ್ಕೆ ಹೋಗಿ, ಛಾವಣಿಗೆ ಹೊಡೆದ ಚೆಂಡಿನಂತೆ ಬಾಗಿ ಕೆಳಗೆ ಬರುತ್ತದೆ. ಆ ಛಾವಣಿ ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದಲ್ಲಿದೆ. ಅಯಾನುಮಂಡಲದ ಎಫ್ ಪದರವೆಂದು ಅದರ ಹೆಸರು. ಸೂರ್ಯನ ಅತಿನೇರಳೆ ಕಿರಣಗಳು ಅಲ್ಲಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಯಾಗಿಟ್ಟಿರುವುದರಿಂದ ಅಲೆಗಳು ಬಾಗುತ್ತವೆ. ಎಂದರೆ, ನಾವು ಆ ಛಾವಣಿಗೆ ಬಾಡಿಗೆ ಕೊಡದೆ ವಾಸಿಸುವವರು; ಕಟ್ಟಿಸಿದವನೂ ಸೂರ್ಯ, ದಿನವೂ ದುರಸ್ತಿ ಮಾಡುವವನೂ ಸೂರ್ಯ.

ಛಾವಣಿಗೂ ನೆಲಕ್ಕೂ ನಡುವೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಇನ್ನೊಂದು ಪದರವಿದೆ, ಅದು ಡಿ. ಹಗಲಿನಲ್ಲಿ ಹುಟ್ಟಿ ರಾತ್ರಿ ಸಾಯುತ್ತದೆ. ಅದನ್ನು ಅಡ್ಡಲಾಗಿ ಇಳಿಬಿಟ್ಟ ಗೋಣಿ ಪರದೆ ಎಂದು ತಿಳಿಯಿರಿ. ಸಾಧಾರಣ ದಿನಗಳಲ್ಲಿ ಪರದೆ ಜಾಳು. ಶಾರ್ಟ್‌ವೇವಿನ ಚೆಂಡು ಅದನ್ನು ದಾಟಿಕೊಂಡು ಹೋಗಿ ಬರುತ್ತದೆ. ಸೂರ್ಯನ ಮೇಲೆ ಒಂದು ದೊಡ್ಡ ಜ್ವಾಲೆ ಎದ್ದಿತೆನ್ನಿ. ಅದರ ಕ್ಷ-ಕಿರಣಗಳು ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು ಡಿ ಪದರವನ್ನು ಹೊಕ್ಕು ಅಲ್ಲಿ ಎಲೆಕ್ಟ್ರಾನುಗಳನ್ನು ತುಂಬುತ್ತವೆ. ಗೋಣಿ ನೀರು ಕುಡಿದ ಹಾಗೆ. ನಮ್ಮ ಅಲೆಯ ತಾಳಕ್ಕೆ ಈ ಎಲೆಕ್ಟ್ರಾನುಗಳು ಕುಣಿಯಹೊರಡುತ್ತವೆ. ಆದರೆ ಅಷ್ಟು ಕೆಳಗೆ ಗಾಳಿ ಮೇಲಿನದಕ್ಕಿಂತ ದಟ್ಟ. ಕುಣಿಯಲು ಜಾಗವಿಲ್ಲದೆ ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆದು ಅಲೆಯಿಂದ ಪಡೆದ ಶಕ್ತಿಯನ್ನೆಲ್ಲ ಶಾಖವಾಗಿ ಚೆಲ್ಲಿಬಿಡುತ್ತವೆ. ಚೆಂಡು ಛಾವಣಿಯನ್ನು ಮುಟ್ಟುವುದೂ ಇಲ್ಲ, ಹಿಂದಕ್ಕೆ ಬರುವುದೂ ಇಲ್ಲ. ಇದು ಭೂಮಿಯ ಹಗಲಿನ ಅರ್ಧದಲ್ಲಿ ಮಾತ್ರ. ಸೂರ್ಯ ನೆತ್ತಿಯ ಮೇಲಿರುವ ಕಡೆ ಎಲ್ಲಕ್ಕಿಂತ ಜೋರು. ಜ್ವಾಲೆ ತಣಿದ ಮೇಲೆ ಗೋಣಿ ತಾನೇ ಒಣಗುತ್ತದೆ. ತಾನೇ ಸರಿಯಾಗುತ್ತದೆ.

ಇನ್ನು ಆ ಕರಕರ. ಅದು ಸಾವಿರಾರು ಮೈಲಿ ದೂರದಲ್ಲಿ ಎಲ್ಲೆಲ್ಲೋ ಹೊಡೆಯುವ ಮಿಂಚುಗಳ ಸದ್ದು. ಅದೂ ಇದೇ ಛಾವಣಿಯನ್ನು ಹಿಡಿದು ಬರತಕ್ಕದ್ದು. ದಾರಿ ಮುಚ್ಚಿದರೆ ಅದೂ ಇಲ್ಲ. ಹಾಗಾಗಿ ಆಪರೇಟರಿಗೆ ಎದುರಿನವನು ಸುಮ್ಮನಾದ ಎನ್ನಿಸುವುದಿಲ್ಲ. ತನ್ನ ಸೆಟ್ಟೇ ಸತ್ತಿತು ಎನ್ನಿಸುತ್ತದೆ. ವಾಲ್ವು ಬದಲಿಸುತ್ತಾನೆ, ಮಾಡು ಹತ್ತುತ್ತಾನೆ. ‘ಕಿವಿಗೆ ಹತ್ತಿ ಇಟ್ಟ ಹಾಗೆ’ ಎಂಬುದು ಪುಸ್ತಕ ಓದದೆ ಯಾರೂ ಕಲ್ಪಿಸಿ ಬರೆಯಲಾರದ ಮಾತು. ಹುಡುಗ ಪುಸ್ತಕ ಓದಿರಲಿಲ್ಲ, ಕೇಳಿದ್ದನ್ನು ಬರೆದಿದ್ದ. ಪುಸ್ತಕ ಓದಿದವನು ನಾನು.

ಇದೆಲ್ಲ ನನಗೆ ಹೊಳೆದದ್ದು ಎರಡು ವರ್ಷದ ಈಚೆಗೆ ಎಂದರೆ ನಾಚಿಕೆಯಾಗುತ್ತದೆ. 2024ರ ಮೇ 10ರ ರಾತ್ರಿ ಭೂಮಿಗೆ ದೊಡ್ಡ ಸೌರ ಬಿರುಗಾಳಿ ಬಡಿಯಿತು. 2003ರ ನಂತರ ಅಷ್ಟು ದೊಡ್ಡದು ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ, ನಮ್ಮ ಬೆಂಗಳೂರಿನ ಖಭೌತ ಸಂಸ್ಥೆಯವರ ವೀಕ್ಷಣಾಲಯವಿರುವ ಕಡೆ, ಆಕಾಶ ಕೆಂಪಗಾದ ಚಿತ್ರ ಪತ್ರಿಕೆಯಲ್ಲಿ ಬಂತು. ಧ್ರುವ ಪ್ರದೇಶದ ಬೆಳಕು ಭಾರತದಲ್ಲಿ! ಅಮೆರಿಕದ ರೈತರ ಬಿತ್ತನೆಯ ಟ್ರಾಕ್ಟರುಗಳು ಉಪಗ್ರಹದ ದಾರಿದೀಪ ತಪ್ಪಿ ಹೊಲದಲ್ಲೇ ನಿಂತವಂತೆ. ಮೊಮ್ಮಗನಿಗೆ ಇದರಲ್ಲಿ ಆಸಕ್ತಿ ಹುಟ್ಟಿ, ಹಿಂದಿನ ದೊಡ್ಡ ಬಿರುಗಾಳಿಗಳ ಪಟ್ಟಿಯೊಂದನ್ನು ತೆರೆದು ನನಗೆ ಓದಿ ಹೇಳತೊಡಗಿದ.

ಮೊದಲು ಬಂದದ್ದು 1859. ಇದನ್ನು ಓದಿದಾಗ ನನಗೆ ವಿಶೇಷ ಅಭಿಮಾನವುಂಟಾಯಿತು, ಏಕೆಂದರೆ ಕಥೆಯಲ್ಲಿ ನಮ್ಮ ಕಸುಬಿನವರಿದ್ದಾರೆ. ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಎಂಬ ಹವ್ಯಾಸಿ ಖಗೋಳಜ್ಞ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಕಲೆಗಳ ನಡುವೆ ಎರಡು ಬೆಳ್ಳನೆಯ ಕಿಡಿಗಳು ಹೊತ್ತಿ ಕೆಲವೇ ನಿಮಿಷದಲ್ಲಿ ಆರಿದ್ದನ್ನು ಕಂಡ. ಹದಿನೇಳು ಹದಿನೆಂಟು ಗಂಟೆ ಕಳೆಯುವುದರಲ್ಲಿ ಭೂಮಿಯ ಕಾಂತಕ್ಷೇತ್ರವೇ ಅಲ್ಲಾಡಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲಿ ಅಂದು ಬಿದ್ದ ಇಳಿತವನ್ನು ವಿಜ್ಞಾನಿಗಳು ಇಂದಿಗೂ ಅಧ್ಯಯನ ಮಾಡುತ್ತಾರೆ. ಅಮೆರಿಕದಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ಊರುಗಳ ತಂತಿ ಆಪರೇಟರುಗಳು ತಮ್ಮ ತಂತಿಯಲ್ಲಿ ಎಲ್ಲಿಂದಲೋ ಕರೆಂಟು ಹರಿಯುತ್ತಿರುವುದನ್ನು ಕಂಡು, ಪರಸ್ಪರ ಮಾತಾಡಿಕೊಂಡು ಇಬ್ಬರೂ ಬ್ಯಾಟರಿಗಳನ್ನು ಕಳಚಿಟ್ಟು ಸುಮಾರು ಎರಡು ಗಂಟೆ ಕಾಲ ಬರೀ ಆಕಾಶದ ವಿದ್ಯುತ್ತಿನಿಂದಲೇ ಸಂದೇಶ ಕಳಿಸಿದರು. ಎಷ್ಟು ಚೆನ್ನಾದ ಮೇಲಧಿಕಾರಿಗಳಿದ್ದರೋ ಅವರಿಗೆ! ನಮ್ಮಲ್ಲಾಗಿದ್ದರೆ ಬ್ಯಾಟರಿ ಏಕೆ ಕಳಚಿದಿರಿ ಎಂದು ಇಬ್ಬರಿಗೂ ಮೆಮೊ ಹೋಗುತ್ತಿತ್ತು; ಬರೆಯುವವನು ನಾನೇ ಆಗಿರುತ್ತಿದ್ದೆ.

ಮುಂದೆ 1942ರ ಫೆಬ್ರವರಿ. ಬ್ರಿಟಿಷರ ರೇಡಾರುಗಳೆಲ್ಲ ಒಮ್ಮೆಲೇ ಗದ್ದಲದಿಂದ ಕುರುಡಾದವು. ಜರ್ಮನರದೇ ಕಿತಾಪತಿ ಎಂದು ಎಲ್ಲರಿಗೂ ಗಾಬರಿ. ಎರಡು ವಾರದ ಹಿಂದಷ್ಟೆ ಅವರು ರೇಡಾರಿಗೆ ಮಂಕು ಕವಿಸಿ ಯುದ್ಧನೌಕೆಗಳನ್ನು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ದಾಟಿಸಿದ್ದರು. ಹೇ ಎಂಬ ಹೆಸರಿನ ಒಬ್ಬ ವಿಜ್ಞಾನಿಗೆ ವಿಚಾರಣೆ ಒಪ್ಪಿಸಿದರು. ಆತ ಒಂದು ಠಾಣೆಯ ಪುಟ ನೋಡಿ ಸುಮ್ಮನಾಗಲಿಲ್ಲ. ಬೇರೆ ಬೇರೆ ಊರಿನ ಠಾಣೆಗಳ ವರದಿಗಳನ್ನು ಒಟ್ಟಿಗೆ ಹರಡಿಕೊಂಡು, ಗದ್ದಲ ಬರುವ ದಿಕ್ಕು ಹೊತ್ತಿನೊಂದಿಗೆ ಸರಿಯುತ್ತಿದೆ, ಅದು ಸೂರ್ಯನ ದಿಕ್ಕೇ ಎಂದು ಕಂಡುಕೊಂಡ. ಆಗ ಸೂರ್ಯನ ಮೇಲೆ ಒಂದು ಭಾರಿ ಕಲೆ ಇತ್ತು. ಶತ್ರುವಿನ ಬದಲು ಸೂರ್ಯ ಸಿಕ್ಕಿಬಿದ್ದ.

ಮೊಮ್ಮಗ ಮುಂದೆ ಓದಿದ: “1972, ಆಗಸ್ಟ್ 4.”

“ಏನೆಂದೆ?” ಎಂದೆ. ಅವನು ಮತ್ತೆ ಓದಿದ. ಆ ತಾರೀಖನ್ನು ನಾನು ವಿಚಾರಣೆಯ ಕಡತದಲ್ಲಿ ಎಷ್ಟು ಸಲ ಬರೆದಿದ್ದೆನೆಂದರೆ ಮಕ್ಕಳ ಜನ್ಮದಿನಗಳಿಗಿಂತ ಚೆನ್ನಾಗಿ ನೆನಪಿದೆ. ಅಂದು ಗ್ರೀನಿಚ್ ವೇಳೆ ಆರೂಕಾಲರ ಸುಮಾರಿಗೆ ಎದ್ದ ಜ್ವಾಲೆಯ ಕ್ಷ-ಕಿರಣ ಆಕಾಶದಲ್ಲಿದ್ದ ಅಳತೆಯ ಉಪಕರಣದ ಮಿತಿಯನ್ನೂ ಮೀರಿತ್ತು. ಐದೂವರೆ ಗಂಟೆ ಕೂಡಿಸಿ ನೋಡಿ. ನಮ್ಮಲ್ಲಿ ಹನ್ನೆರಡಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ. ಸೂರ್ಯ ನಮ್ಮ ನೆತ್ತಿಯ ಮೇಲೆ. ಜ್ವಾಲೆಯ ಬೆನ್ನಿಗೆ ಸೂರ್ಯ ಉಗಿದ ಕಣಗಳ ಮೋಡ, ಸಾಮಾನ್ಯವಾಗಿ ಎರಡು ಮೂರು ದಿನ ಪ್ರಯಾಣ ಮಾಡತಕ್ಕದ್ದು, ಅಂದು 15 ಗಂಟೆಗೂ ಕಡಿಮೆ ಅವಧಿಯಲ್ಲಿ ಭೂಮಿಗೆ ಬಂದು ಬಡಿಯಿತು. ಇಂದಿಗೂ ಅದೇ ದಾಖಲೆಯಂತೆ. ಅದು ಬಡಿದ ಹೊತ್ತಿಗೆ, ನಡುರಾತ್ರಿ ಕಳೆದು ಎರಡೂವರೆಯ ಸುಮಾರಿಗೆ, ನಾನು ಪಾಳಿಯಲ್ಲಿ ಕುಳಿತಿದ್ದೆ. ಏನೂ ವಿಶೇಷ ಕಂಡ ನೆನಪಿಲ್ಲ. ಸುಳ್ಳು ಹೇಳಬಾರದು, ಆ ಹೊತ್ತಿಗೆ ತೂಕಡಿಸುತ್ತಿದ್ದಿರಲೂಬಹುದು.

ಅದೇ ದಿನ ಉತ್ತರ ವಿಯಟ್ನಾಮಿನ ಕಡಲತೀರದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅಮೆರಿಕನ್ನರು ನೀರಿನಲ್ಲಿ ಮೈನುಗಳನ್ನು ಬಿತ್ತಿದ್ದರು. ಹಡಗಿನ ಕಬ್ಬಿಣ ಹತ್ತಿರ ಬಂದಾಗ ಕಾಂತಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಗುರುತಿಸಿ ಸಿಡಿಯುವಂಥವು. ಹಡಗೊಂದೂ ಇಲ್ಲದೆ ಸುಮಾರು ಎರಡು ಡಜನ್ ಮೈನುಗಳು ಅರ್ಧ ನಿಮಿಷದಲ್ಲಿ ಸಿಡಿದದ್ದನ್ನು ವಿಮಾನದವರು ನೋಡಿದರು. ಸೌರ ಬಿರುಗಾಳಿಗೆ ಭೂಮಿಯ ಕಾಂತಕ್ಷೇತ್ರವೇ ಅಲ್ಲಾಡಿದ್ದನ್ನು ಅವು ಹಡಗೆಂದು ತಿಳಿದವು. ಸೇನೆಯವರು ಸೂರ್ಯನನ್ನು ಸಂಶಯಿಸಿ ವಿಚಾರಿಸಿದರಂತೆ. ಆ ಕಾಗದಪತ್ರಗಳ ವಿವರವನ್ನು ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಒಂದು ಅಪೋಲೋ ನೌಕೆ ಚಂದ್ರನಿಗೆ ಹೋಗಿ ಬಂದಿತ್ತು, ಡಿಸೆಂಬರಿನಲ್ಲಿ ಮತ್ತೊಂದು ಹೋಯಿತು. ಆಗಸ್ಟಿನಲ್ಲಿ ಹೋಗಿದ್ದರೆ ಆ ಯಾತ್ರಿಕರ ಗತಿ ಏನಾಗುತ್ತಿತ್ತೋ ಎಂದು ಇಂದಿಗೂ ಚರ್ಚೆ ನಡೆಯುತ್ತದೆ.

ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ದಿನಚರಿಗಳನ್ನು ತೆಗೆಸಿದೆ. 1972ರದು ಇತ್ತು. ಆಗಸ್ಟ್ 4ರ ಪುಟದಲ್ಲಿ ಎರಡೇ ಸಾಲು: ‘ಮಾವನವರು ರೇಡಿಯೋ ಕೆಡಿಸಿದರು. ರಾತ್ರಿ ಪಾಳಿ.’ ಮಾರನೆಯ ಪುಟದಲ್ಲಿ: ‘ರೇಡಿಯೋ ರಿಪೇರಿ ರೂ. 11. ಕರಾವಳಿ ಠಾಣೆಯ ದೂರು. ಮಲೆನಾಡಿನವರೂ ಅರೆಬರೆ ಎಂದು ಅವನು ಹೇಳಿದ, ಮಳೆಯಿಂದ ಇರಬೇಕು.’ ‘ಅವನು’ ಎಂದರೆ ಬೆಂಗಳೂರಿನ ನಮ್ಮ ಆಪರೇಟರು. ಹನ್ನೆರಡೂವರೆಗೆ ಮಲೆನಾಡನ್ನು ಕರೆದಾಗ ಅದೂ ಸಿಕ್ಕಿರಲಿಲ್ಲ ಎಂದು ಆತ ನನಗೆ ಬಾಯಿಮಾತಿನಲ್ಲಿ ಹೇಳಿದ್ದ! ಲಾಗ್ ಪುಸ್ತಕದ ಮುಂದಿನ ಪುಟದಲ್ಲಿ ಅದು ಬರೆದೂ ಇದ್ದಿರಬೇಕು. ನಾನು ಪುಟ ತಿರುವಲಿಲ್ಲ. ದೂರು ಬಂದದ್ದು ಕರಾವಳಿಯ ಮೇಲೆ. ಮಲೆನಾಡಿನ ದಾರಿಯಲ್ಲಿ ಅಂದು ಯಾವ ಅಧಿಕಾರಿಯೂ ತೊಯ್ಯಲಿಲ್ಲ.

ಈಗಿನವರಿಗೆ ಶಾರ್ಟ್‌ವೇವಿನ ಕಥೆ ಹಳೆಯ ಕಾಲದ್ದೆನಿಸಬಹುದು. ಸಂದೇಶಗಳೆಲ್ಲ ಉಪಗ್ರಹದಿಂದ ಹೋಗುತ್ತವಲ್ಲ ಎಂದು ಮೊಮ್ಮಗನೂ ಅಂದ. ಉಪಗ್ರಹ ಇರುವುದಾದರೂ ಎಲ್ಲಿ? ಸೂರ್ಯನ ಮನೆಯಂಗಳದಲ್ಲಿಯೇ. 2022ರ ಫೆಬ್ರವರಿಯಲ್ಲಿ ಅಮೆರಿಕದ ಸ್ಟಾರ್‌ಲಿಂಕಿನವರು ಒಂದೇ ರಾಕೆಟ್ಟಿನಲ್ಲಿ 49 ಉಪಗ್ರಹ ಹಾರಿಸಿದರು. ಮಾರನೆಯ ದಿನ ಬಂದದ್ದು ಅಷ್ಟೇನೂ ದೊಡ್ಡದಲ್ಲದ ಬಿರುಗಾಳಿ. ಅದಕ್ಕೆ ಮೇಲಿನ ವಾತಾವರಣ ಕಾದು ಉಬ್ಬಿತು, ಗಾಳಿಯ ಎಳೆತ ಹೆಚ್ಚಿತು. ಸುಮಾರು ನಲವತ್ತು ಉಪಗ್ರಹಗಳು ಮೇಲೇರಲಾರದೆ ಬಿದ್ದು ಸುಟ್ಟುಹೋದವು. ನಮ್ಮ ದಕ್ಷಿಣ ದೇಶದ ತೊಂದರೆ ಇನ್ನೊಂದು ಬಗೆಯದು. ಭೂಮಿಯ ಕಾಂತೀಯ ಸಮಭಾಜಕ ಕೇರಳದ ತುದಿಯ ಹತ್ತಿರ ಹಾದುಹೋಗುತ್ತದೆ; 1963ರಲ್ಲಿ ತುಂಬಾದ ಮೀನುಗಾರರ ಊರನ್ನು ರಾಕೆಟ್ಟಿಗೆ ಆರಿಸಿದ್ದೇ ಅದಕ್ಕಾಗಿ. ಅಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಮಂಡಲದಲ್ಲಿ, ಕುದಿಯುವ ಗಂಜಿಯಲ್ಲಿ ಏಳುವಂತೆ, ಗುಳ್ಳೆಗಳೇಳುತ್ತವೆ. ಅವುಗಳ ಮೂಲಕ ಬಂದ ಉಪಗ್ರಹದ ಅಲೆ ನಕ್ಷತ್ರದ ಹಾಗೆ ಮಿನುಗತೊಡಗಿ, ದಾರಿ ತೋರಿಸುವ ಯಂತ್ರಗಳಿಗೆ ದಾರಿಯೇ ಮರೆಯುತ್ತದೆ. ಸೂರ್ಯ ಹೆಚ್ಚು ಚಟುವಟಿಕೆಯಿಂದಿರುವ ವರ್ಷಗಳಲ್ಲಿ ಇದು ಹೆಚ್ಚು. ಹನ್ನೊಂದು ವರ್ಷಕ್ಕೊಮ್ಮೆ ಅವನಿಗೆ ಹೀಗೆ ಹುರುಪು ಬರುತ್ತದೆ.

ಇನ್ನು ನಮ್ಮ ಮನೆಯ ಡಿಶ್ ಟಿ.ವಿ. ಪ್ರತಿ ವರ್ಷ ಮಾರ್ಚಿನಲ್ಲಿಯೂ ಸೆಪ್ಟೆಂಬರ್ ಕೊನೆಯ ಸುಮಾರಿನಲ್ಲಿಯೂ ಕೆಲವು ದಿನ, ಹಗಲಿನ ಒಂದೇ ಹೊತ್ತಿಗೆ, ಕೆಲವು ನಿಮಿಷ ಚಿತ್ರ ಚೂರಾಗುತ್ತದೆ. ಆಗ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಂತಿರುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಳುಗುತ್ತದೆ. ಇದು ಬಿರುಗಾಳಿಯೂ ಅಲ್ಲ, ಏನೂ ಅಲ್ಲ. ಸೊಸೆ ಅದನ್ನು ತಿಳಿಯದೆ ಕೇಬಲ್ಲು ಅಲ್ಲಾಡಿಸುವಾಗ ನಾನು ಸುಮ್ಮನೆ ಗಡಿಯಾರ ನೋಡಿ, “ಐದು ನಿಮಿಷ ತಾಳಮ್ಮ, ತಾನೇ ಸರಿಯಾಗುತ್ತದೆ” ಎನ್ನುತ್ತೇನೆ. ಈ ಮಾತು ನನ್ನ ಬಾಯಲ್ಲಿ!

ನಮಗೆ ಗದ್ದಲವಾದದ್ದು ಕೆಲವರಿಗೆ ಸಂಗೀತ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕೆ ಗೌರಿಬಿದನೂರಿನ ಹತ್ತಿರ ಹೊಲಗಳ ನಡುವೆ ಏರಿಯಲ್ಲುಗಳ ಸಾಲು ಹೂಡಿ ಸೂರ್ಯನ ರೇಡಿಯೋ ಸದ್ದನ್ನು ದಿನವೂ ಕೇಳುವವರಿದ್ದಾರೆ. ಉದ್ದವಾದ ಒಂದು ಸಾಲು, ಅದಕ್ಕೆ ಅಡ್ಡಲಾಗಿ ಇನ್ನೊಂದು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಟೀ ಅಕ್ಷರ. ದೂರದಿಂದ ಒಮ್ಮೆ ಕಂಡು, ಬಟ್ಟೆ ಒಣಹಾಕುವ ತಂತಿಯ ಹಾಗಿದೆಯಲ್ಲ ಎಂದುಕೊಂಡಿದ್ದೆ. ಈಗಂತೂ ಆದಿತ್ಯ ಎಲ್-1 ಎಂಬ ನಮ್ಮದೇ ನೌಕೆ 2024ರ ಜನವರಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನಿಗೆ ಕಾವಲು ಕುಳಿತಿದೆ. ಕಣಗಳ ಮೋಡ ಭೂಮಿಗೆ ಬರುವ ಮುನ್ನ ಅದನ್ನು ದಾಟಬೇಕು. ಹೆಚ್ಚುಕಡಿಮೆ ಅರ್ಧ ಗಂಟೆ, ಒಂದು ಗಂಟೆ ಮುಂಚಿತವಾಗಿ ಸುದ್ದಿ ಸಿಕ್ಕುತ್ತದೆ. ಆದರೆ ಜ್ವಾಲೆಯ ಕ್ಷ-ಕಿರಣದ ವಿಷಯದಲ್ಲಿ ಆ ಸೌಕರ್ಯವಿಲ್ಲ. ಅದು ಬರುವುದು ಬೆಳಕಿನ ವೇಗದಲ್ಲಿ. ಸುದ್ದಿ ಹೇಳುವ ದೂತನಿಗೂ ಅದಕ್ಕಿಂತ ಬೇಗ ಓಡಲು ಬರುವುದಿಲ್ಲ. ಮಳೆಯಲ್ಲಿ ಮಾಡಿನ ಮೇಲೆ ನಿಂತಿದ್ದ ಹುಡುಗನಿಗೆ ಇಂದಾದರೂ ಯಾರೂ ಮುಂಚಿತವಾಗಿ ಹೇಳಲಾಗುತ್ತಿರಲಿಲ್ಲ. ಅನಂತರ ಹೇಳಬಹುದಾಗಿತ್ತು, ಅಷ್ಟೆ.

ಪಿಂಚಣಿದಾರರ ಪರಿಚಯದವರೊಬ್ಬರಿಂದ ಅವನ ವಿಳಾಸ ಸಿಕ್ಕಿತು. ಅವನಿಗೂ ಎಪ್ಪತ್ತಾರಾಗಿದೆ. ಊರಲ್ಲೇ ಇದ್ದಾನೆ, ಅಡಿಕೆ ತೋಟ ಒಂದಿಷ್ಟಿದೆ. ಒಂದು ಕಾಗದ ಬರೆದೆ. ಬರೆದು, ಹರಿದು, ಮತ್ತೆ ಬರೆದೆ. ಡೆಲಿಂಜರ್ ಪರಿಣಾಮವನ್ನು ಐದು ಅಂಕಕ್ಕೆ ಬರೆಯುವುದು ಸುಲಭ. ಅದನ್ನು ಅವನಿಗೆ ಬರೆಯುವುದು ಕಷ್ಟವಾಯಿತು. ಕೊನೆಗೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದು, ಆ ಕೆಂಪು ಶಾಯಿಯ ಎರಡು ಪದಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಸೇರಿಸಿ ಅಂಚೆಗೆ ಹಾಕಿದೆ.

ಹತ್ತು ದಿನದ ಮೇಲೆ ಕಾರ್ಡು ಬಂತು. ಅದೇ ದುಂಡು ಅಕ್ಷರ. ಸಿಟ್ಟಿನ ಮಾತು ಒಂದೂ ಇರಲಿಲ್ಲ. ‘ಸಾಹೇಬರಿಗೆ ನಮಸ್ಕಾರಗಳು. ಆ ದಿನ ಸೆಟ್ಟಿನ ತಪ್ಪು ಅಲ್ಲವೆಂದು ತಿಳಿದು ಸಮಾಧಾನವಾಯಿತು. ಅದು ಒಳ್ಳೆಯ ಸೆಟ್ಟು. ತಮ್ಮಲ್ಲಿ ಒಂದೇ ಕೋರಿಕೆ. ನಮ್ಮ ಮನೆಯವಳು ಐವತ್ತೆರಡು ವರ್ಷದಿಂದ ನಾನು ಅಂದು ಸೆಟ್ಟಿನ ಮುಂದೆ ನಿದ್ದೆ ಹೋಗಿದ್ದೆನೆಂದೇ ತಿಳಿದಿದ್ದಾಳೆ. ಸಾಹೇಬರೇ ಬರೆದ ಮೇಲೆ ಸುಳ್ಳಿರುತ್ತದೆಯೇ ಎನ್ನುತ್ತಾಳೆ. ತಮ್ಮ ಕಾಗದ ಓದಿ ಹೇಳಿದರೆ ನಾನೇ ಸೇರಿಸಿ ಓದುತ್ತಿದ್ದೇನೆ ಎಂದು ನಗುತ್ತಾಳೆ. ತಾವು ಒಮ್ಮೆ ಫೋನಿನಲ್ಲಿ ಅವಳಿಗೆ ಹೇಳಿದರೆ ಉಪಕಾರವಾದೀತು.’ ಕೆಳಗೆ ನಂಬರು ಬರೆದಿದ್ದ.

ಮಾಡಿದೆ. ಆಕೆಯೇ ಫೋನು ಎತ್ತಿದರು. ನಾನು ಯಾರೆಂದು ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಾನು ಸೂರ್ಯ, ಜ್ವಾಲೆ, ಗೋಣಿ ಪರದೆ ಎಲ್ಲವನ್ನೂ ತಿಳಿಯುವಷ್ಟು ಹೇಳಿ, “ತಾಯಿ, ನಿಮ್ಮ ಯಜಮಾನರು ಅಂದು ನಿದ್ದೆ ಮಾಡಲಿಲ್ಲ. ಮಳೆಯಲ್ಲಿ ಮಾಡು ಹತ್ತಿದ್ದರು. ತಪ್ಪು ತಿಳಿದವನು ನಾನು” ಎಂದೆ.

“ಮಾಡು ಹತ್ತಿದ್ದು ಹೌದು, ಬಟ್ಟೆಯೆಲ್ಲ ಒದ್ದೆ ಮಾಡಿಕೊಂಡು ಬಂದಿದ್ದರು” ಎಂದರು ಆಕೆ, ನೆನಪು ಮಾಡಿಕೊಳ್ಳುವವರ ಹಾಗೆ ನಿಧಾನವಾಗಿ. “ನಿದ್ದೆ ಹೋದದ್ದನ್ನು ಮುಚ್ಚಲಿಕ್ಕೆ ಆಮೇಲೆ ಹತ್ತಿದರೇನೋ ಅಂತ ಮಾಡಿದ್ದೆ.” ಹಿಂದೆ ಎಲ್ಲೋ ಅವನು ಕೆಮ್ಮಿದ್ದು ಕೇಳಿಸಿತು. ಲೈನು ಬಹಳ ಸ್ಪಷ್ಟವಾಗಿತ್ತು.

ಆಮೇಲೆ ಆಕೆ ಕೇಳಿದರು: “ಹಾಗಾದರೆ ಸಾಹೇಬರೇ, ಆ ವರ್ಷದ ಇನ್‌ಕ್ರಿಮೆಂಟು?”